‘ಗೊತ್ತಿದ್ದೇ ಬಂದವನಲ್ಲವೇ?’ – ಕಲ್ಲು ಕ್ವಾರಿಯ ಸಾವುನೋವು ಮತ್ತು ನಮ್ಮ ಹೊಣೆ



2018ರ ಆಗಸ್ಟ್ ತಿಂಗಳಲ್ಲಿ ಆದೋನಿ ಸೀಮೆಗೆ ಹತ್ತಿರದ ಆಲೂರು ಬಳಿ, ಹತ್ತಿ ಬೆಳಗಲ್ ಎಂಬಲ್ಲಿ, ಕಲ್ಲು ಕ್ವಾರಿಯಲ್ಲಿ ಸ್ಫೋಟವಾಗಿ ಕನಿಷ್ಠ ಹತ್ತು ಮಂದಿ ಸತ್ತರು. ಅವರಲ್ಲಿ ಬಹುಪಾಲು ಒಡಿಶಾದಿಂದ ಕೂಲಿಗೆ ಬಂದವರು. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹತ್ತಿರ ಹಿರೇನಾಗವಲ್ಲಿಯಲ್ಲಿ, ಕ್ವಾರಿಯ ಜಿಲೆಟಿನ್ ಕಡ್ಡಿಗಳನ್ನು ರಾತ್ರಿ ಹೊತ್ತು ವಿಲೇವಾರಿ ಮಾಡಲು ಹೋಗಿ ಆರು ಮಂದಿ ಛಿದ್ರವಾದರು. 2022ರ ಮಾರ್ಚ್ 4ರಂದು ಗುಂಡ್ಲುಪೇಟೆ ಬಳಿಯ ಮಡಹಳ್ಳಿ ಗುಡ್ಡದ ಬಿಳಿಕಲ್ಲು ಕ್ವಾರಿಯಲ್ಲಿ ಬಂಡೆ ಕುಸಿದು ಮೂವರು ಅಡಿಯಾದರು. ಇವು ಪತ್ರಿಕೆಯ ಮೊದಲ ಪುಟಕ್ಕೆ ಬಂದವು. ಒಬ್ಬನ ಕಾಲು ಜಜ್ಜಿಹೋದದ್ದು, ಒಬ್ಬನ ಕಣ್ಣಿಗೆ ಕಲ್ಲಿನ ಚೂರು ಹೊಕ್ಕದ್ದು, ಒಬ್ಬ ನಲವತ್ತರ ವಯಸ್ಸಿಗೇ ಉಸಿರು ಸಾಲದೆ ಮಂಚ ಹಿಡಿದದ್ದು ಯಾವ ಪುಟಕ್ಕೂ ಬರುವುದಿಲ್ಲ.

ನಮ್ಮ ಹೊಸೂರು, ಶೂಲಗಿರಿ, ಡೆಂಕಣಿಕೋಟೆ ಸುತ್ತಿನಲ್ಲಿ ಬಂಡೆಯಿಲ್ಲದ ಊರು ಕಡಮೆ. ಬೆಳಗಾಗುವ ಮುಂಚೆಯೇ ಜಲ್ಲಿ, ಎಂ-ಸ್ಯಾಂಡ್ ತುಂಬಿದ ಟಿಪ್ಪರುಗಳು ಅತ್ತಿಬೆಲೆ ದಾಟಿ ಬೆಂಗಳೂರಿನ ಕಡೆಗೆ ಹೋಗುತ್ತವೆ. ಕ್ವಾರಿ ಗುತ್ತಿಗೆ ಹಿಡಿದವರು, ಟಿಪ್ಪರ್ ಓಡಿಸುವವರು, ಬಂಡೆ ಒಡೆಯುವವರು, ಆ ಜಲ್ಲಿಯಿಂದ ಮನೆ ಕಟ್ಟಿಸಿಕೊಂಡವರು – ಎಲ್ಲರೂ ಒಂದೇ ದೇವಾಲಯದಲ್ಲಿ ಅಕ್ಕಪಕ್ಕ ನಿಂತು ಪ್ರಾರ್ಥಿಸುವ ನಾಡು ಇದು. ಹಾಗಾಗಿ ಈ ಪ್ರಶ್ನೆ ನಮಗೆ ದೂರದ್ದಲ್ಲ.

ಕ್ವಾರಿಯಲ್ಲಿ ಒಬ್ಬ ಸತ್ತಾಗ ಸಾವಿನ ಮನೆಯ ಮುಂದೆ ಮೂರು ಮಾತು ಕೇಳಿಬರುತ್ತವೆ. ‘ಅವನ ಹಣೆಬರಹ.’ ‘ದೇವರ ಚಿತ್ತ.’ ಆಮೇಲೆ ಸ್ವಲ್ಪ ದನಿ ತಗ್ಗಿಸಿ, ‘ಅಪಾಯದ ಕೆಲಸ ಅಂತ ಗೊತ್ತಿದ್ದೇ ಬಂದವನಲ್ಲವೇ?’

ಮೊದಲೆರಡು ಮಾತುಗಳಿಗೆ ಉತ್ತರ ಸಂತ ಲೂಕರ ಶುಭಸಂದೇಶದ ಹದಿಮೂರನೆಯ ಅಧ್ಯಾಯದಲ್ಲಿದೆ. ಸಿಲೋವಾಮಿನ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತಿದ್ದರು. ಅವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ತಿಳಿಯುತ್ತೀರೋ ಎಂದು ಪ್ರಭು ಯೇಸು ಕೇಳಿದರು. ಹಾಗಲ್ಲ ಎಂದು ತಾವೇ ಹೇಳಿ, ಕೇಳುತ್ತಿದ್ದವರ ಬದುಕಿನ ಕಡೆಗೆ ಮಾತು ತಿರುಗಿಸಿದರು. ಸತ್ತವನ ಲೆಕ್ಕ ನೋಡುವುದನ್ನು ಬಿಟ್ಟು ಬದುಕಿರುವವರು ತಮ್ಮ ಲೆಕ್ಕ ನೋಡಿಕೊಳ್ಳಬೇಕು. ಬಿರುಕು ಬಿಟ್ಟ ಬಂಡೆಯ ಕೆಳಗೆ ಮನುಷ್ಯನನ್ನು ನಿಲ್ಲಿಸಿದ್ದು ಮನುಷ್ಯ. ಅದನ್ನು ದೇವರ ಚಿತ್ತವೆನ್ನುವುದು ದೇವರ ಮೇಲೆ ಸುಳ್ಳು ಹೊರಿಸಿದಂತೆ.

ಮೂರನೆಯ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು, ಏಕೆಂದರೆ ಅದರಲ್ಲಿ ಒಂದು ನ್ಯಾಯ ಇರುವಂತೆ ಕಾಣುತ್ತದೆ. ಸಮುದ್ರಕ್ಕಿಳಿಯುವ ಬೆಸ್ತರಿಗೆ ಅಲೆಯ ಅಪಾಯ ಗೊತ್ತು. ತೆಂಗಿನ ಮರ ಹತ್ತುವವನಿಗೆ ಎತ್ತರ ಗೊತ್ತು. ಪ್ರಾಯಕ್ಕೆ ಬಂದ ಮನುಷ್ಯ ತಿಳಿದು, ಒಪ್ಪಿ, ಕೂಲಿ ಪಡೆದು ಮಾಡುವ ಕೆಲಸಕ್ಕೆ ಇನ್ನೊಬ್ಬರನ್ನು ಏಕೆ ಹೊಣೆ ಮಾಡಬೇಕು? ಕಲ್ಲು ಕಡಿಯುವವನಿಗೆ ಕಲ್ಲಿನಿಂದಲೇ ಗಾಯವಾದೀತು ಎಂದು ಪವಿತ್ರ ಗ್ರಂಥದ ಉಪದೇಶಕನೂ ಕಂಡಿದ್ದನಲ್ಲವೇ? ಈ ವಾದವನ್ನು ಹೂಡುವವರೆಲ್ಲ ಕಲ್ಲೆದೆಯವರಲ್ಲ. ಆದ್ದರಿಂದ ಅದನ್ನು ಬಿಡಿಸಿ ನೋಡಬೇಕು.

ಗೊತ್ತಿದ್ದದ್ದು ಎಷ್ಟು?

ಒಬ್ಬನ ಒಪ್ಪಿಗೆಗೆ ಬೆಲೆ ಬರಬೇಕಾದರೆ ಮೂರು ಸಂಗತಿಗಳಿರಬೇಕು: ಏನನ್ನು ಒಪ್ಪುತ್ತಿದ್ದೇನೆಂಬ ತಿಳಿವಳಿಕೆ, ಬೇಡವೆಂದರೆ ಬದುಕಲು ಬೇರೆ ದಾರಿ, ಕೆಲಸದ ನಡುವೆ ‘ಇದು ಆಗದು’ ಎನ್ನುವ ಸ್ವಾತಂತ್ರ್ಯ.

ತಿಳಿವಳಿಕೆಯನ್ನೇ ಮೊದಲು ನೋಡೋಣ. ಬಂಡೆ ಉರುಳೀತು, ಸಿಡಿದ ಕಲ್ಲು ಬಡಿದೀತು ಎಂಬುದು ಯಾರಿಗಾದರೂ ಗೊತ್ತು. ದೂಳಿನ ಸಂಗತಿ ಹಾಗಲ್ಲ. ಗ್ರಾನೈಟ್ ಬಂಡೆಯಲ್ಲಿ ಸ್ಫಟಿಕದ ಅಂಶ, ಅಂದರೆ ಸಿಲಿಕಾ, ಸಾಕಷ್ಟಿದೆ. ಒಣ ಕಲ್ಲಿಗೆ ಕುಳಿ ಹೊಡೆಯುವಾಗ, ಕ್ರಷರಿನಲ್ಲಿ ಜಲ್ಲಿ ಒಡೆಯುವಾಗ ಏಳುವ ದೂಳಿನಲ್ಲಿ ಕಣ್ಣಿಗೆ ಕಾಣುವುದು ಅಷ್ಟು ಕೆಡುಕಿನದಲ್ಲ. ಕಾಣದಷ್ಟು ಸಣ್ಣಗಿರುವುದೇ ಶ್ವಾಸಕೋಶದ ಆಳಕ್ಕಿಳಿದು ಅಲ್ಲಿ ಗಾಯದ ಗಂಟು ಕಟ್ಟುತ್ತದೆ. ಮೂಗಿಗೆ ಕಟ್ಟಿದ ಟವೆಲು ಅದನ್ನು ತಡೆಯದು. ಸಿಲಿಕೋಸಿಸ್ ಎಂಬ ಈ ರೋಗ ಸಾಮಾನ್ಯವಾಗಿ ಕೆಲಸಕ್ಕೆ ಸೇರಿ ವರ್ಷಗಳು ಕಳೆದ ಮೇಲೆ ತೋರುತ್ತದೆ. ವಾಸಿ ಮಾಡುವ ಮದ್ದಿಲ್ಲ. ಕ್ಷಯ ತಗಲುವ ಸಾಧ್ಯತೆಯನ್ನೂ ಅದು ಹೆಚ್ಚಿಸುತ್ತದೆ. ಎಷ್ಟೋ ಸಲ ಬರೀ ಕ್ಷಯವೆಂದೇ ಚಿಕಿತ್ಸೆ ನಡೆದು, ರೋಗಿ ಕಲ್ಲಿನ ಕೆಲಸದವನೆಂಬುದು ಆಸ್ಪತ್ರೆಯ ಚೀಟಿಯಲ್ಲಿ ದಾಖಲಾಗುವುದೇ ಇಲ್ಲ.

ಇದು ಹೊಸದಾಗಿ ತಿಳಿದ ಸಂಗತಿಯೂ ಅಲ್ಲ. ನಮಗೆ ಹತ್ತಿರದ ಕೋಲಾರದ ಚಿನ್ನದ ಗಣಿಯಲ್ಲಿ 1940ರ ದಶಕದಲ್ಲಿ ವೈದ್ಯರು ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ, ಹತ್ತರಲ್ಲಿ ನಾಲ್ವರಿಗೂ ಹೆಚ್ಚು ಜನರಲ್ಲಿ ಈ ರೋಗವಿತ್ತು. ಎಂಬತ್ತು ವರ್ಷಗಳಿಂದ ವೈದ್ಯರಿಗೂ ಸರ್ಕಾರಕ್ಕೂ ಗೊತ್ತಿರುವುದು, ನಿನ್ನೆ ರೈಲಿಳಿದು ಬಂದ ಇಪ್ಪತ್ತು ವರ್ಷದ ಹುಡುಗನಿಗೆ ಗೊತ್ತಿರಲಿಕ್ಕಿಲ್ಲ. ಹೀಗಿರುವಾಗ ‘ಗೊತ್ತಿದ್ದೇ ಬಂದ’ ಎಂಬ ಮಾತು ಯಾರಿಗೆ ಹೆಚ್ಚು ಸಲ್ಲುತ್ತದೆ?

ಎರಡನೆಯದು ಬೇರೆ ದಾರಿ. ಮುಂಗಡ ಪಡೆದು ಬಂದವನು ಸಾಲ ತೀರುವವರೆಗೆ ಕದಲುವಂತಿಲ್ಲ. ಮಳೆಯಿಲ್ಲದ ಊರಿನಿಂದ ಬಂದವನಿಗೆ ಹಿಂದಿರುಗಿದರೆ ಉಣ್ಣಲು ಇಲ್ಲ. ಹಸಿವು ಕೊಟ್ಟ ಒಪ್ಪಿಗೆಯನ್ನು ಒಪ್ಪಿಗೆಯೇ ಅಲ್ಲ ಎನ್ನುವಷ್ಟು ದೂರ ನಾನು ಹೋಗುವುದಿಲ್ಲ. ಹಾಗೆಂದರೆ ಬಡವನ ಯಾವ ತೀರ್ಮಾನಕ್ಕೂ ಮರ್ಯಾದೆ ಉಳಿಯದು. ಅವನು ದುಡಿಯಲು ಒಪ್ಪಿದ್ದಾನೆ, ಆ ಒಪ್ಪಿಗೆ ನಿಜವಾದದ್ದೇ. ಆದರೆ ದುಡಿಯಲು ಒಪ್ಪುವುದು ಬೇರೆ, ಸಾಯಲು ಒಪ್ಪುವುದು ಬೇರೆ. ಮೊದಲನೆಯದನ್ನು ತೋರಿಸಿ ಎರಡನೆಯದನ್ನೂ ಒಪ್ಪಿದ್ದಾನೆ ಎನ್ನುವುದು ಮೋಸ.

ಮೂರನೆಯದು ಇಲ್ಲವೆನ್ನುವ ಸ್ವಾತಂತ್ರ್ಯ. ಮೇಲಿನ ಬಂಡೆಯಲ್ಲಿ ಬಿರುಕು ಕಂಡ ಕೂಲಿಯವನು ‘ಇವತ್ತು ಇಲ್ಲಿ ಬೇಡ, ಮೇಸ್ತ್ರಿ’ ಎಂದರೆ ಏನಾಗುತ್ತದೆ? ಲೋಡಿನ ಲೆಕ್ಕದಲ್ಲಿ ಕೂಲಿ ಇರುವ ಕಡೆ ಅಂದಿನ ಕೂಲಿ ಹೋಗುತ್ತದೆ. ನಾಳೆ ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಅಪಾಯವನ್ನು ಕಣ್ಣಾರೆ ಕಾಣುವವನಿಗೆ ಕೆಲಸ ನಿಲ್ಲಿಸುವ ಅಧಿಕಾರವಿಲ್ಲ. ಅಧಿಕಾರ ಇರುವವನು ಬಂಡೆಯ ಕೆಳಗೆ ನಿಂತಿಲ್ಲ.

ಕಲ್ಲಿನ ಅಪಾಯ, ಉಳಿತಾಯದ ಅಪಾಯ

ಬೆಸ್ತರ ಹೋಲಿಕೆಗೆ ಈಗ ಮರಳೋಣ. ಅಲೆಯನ್ನು ಯಾರೂ ಮಾಡಿದ್ದಲ್ಲ. ಕಲ್ಲಿನ ಕೆಲಸದಲ್ಲೂ ಕಲ್ಲಿನದೇ ಆದ ಅಪಾಯ ಒಂದಿಷ್ಟಿದೆ. ಎಷ್ಟು ಎಚ್ಚರ ವಹಿಸಿದರೂ ಅದು ಪೂರ್ತಿ ಹೋಗದು. ಆದರೆ ಕ್ವಾರಿಗಳಲ್ಲಿ ಜನರನ್ನು ಕೊಲ್ಲುವುದರಲ್ಲಿ ಹೆಚ್ಚಿನದು ಬೇರೊಂದು ಬಗೆಯದು.

ಬಂಡೆಯ ಗೋಡೆಯನ್ನು ನೆಟ್ಟಗೆ ಇಳಿಸದೆ ಮೆಟ್ಟಿಲು ಮೆಟ್ಟಿಲಾಗಿ, ಬೆಂಚು ಬಿಟ್ಟು ಕಡಿಯಬೇಕು. ಕೆಳಗಿನಿಂದ ಕೊರೆದು ಮೇಲಿನದನ್ನು ನೇತಾಡಲು ಬಿಡಬಾರದು. ಮದ್ದು ತುಂಬಿ ಸಿಡಿಸುವವನಿಗೆ ಪ್ರಮಾಣಪತ್ರವಿರಬೇಕು. ಎಲ್ಲರೂ ದೂರ ಸರಿದರೆಂದು ಖಚಿತವಾದ ಮೇಲೆಯೇ ಸಿಡಿಸಬೇಕು. ಸಿಡಿಯದೆ ಉಳಿದ ಮದ್ದಿನ ಕುಳಿಯ ಹತ್ತಿರ ಮತ್ತೆ ಕುಳಿ ಹೊಡೆಯಬಾರದು. ಇವೆಲ್ಲ 1952ರ ಗಣಿ ಕಾಯಿದೆ ಮತ್ತು 1961ರ ಗಣಿ ನಿಯಮಾವಳಿಯ ಕಾಲದಿಂದ ನಮ್ಮ ದೇಶದಲ್ಲಿ ಬರೆದಿಟ್ಟಿರುವ ಮಾತುಗಳು. ಕೆಲಸಕ್ಕೆ ಇಳಿಸುವ ಮೊದಲು ತರಬೇತಿ ಕೊಡಬೇಕೆಂಬ ನಿಯಮ 1966ರದು. ಒಣ ಕಲ್ಲಿಗೆ ಬದಲಾಗಿ ನೀರು ಬಿಟ್ಟು ಕುಳಿ ಹೊಡೆದರೆ ದೂಳು ಬಹುಮಟ್ಟಿಗೆ ಕೂತುಬಿಡುತ್ತದೆ.

ಫರೀದಾಬಾದಿನ ಕಲ್ಲು ಕ್ವಾರಿಗಳ ಕೂಲಿಯವರ ಪರವಾಗಿ ಬಂದ ಒಂದು ಪತ್ರವನ್ನೇ ಸುಪ್ರೀಂ ಕೋರ್ಟು ಅರ್ಜಿಯೆಂದು ತೆಗೆದುಕೊಂಡು 1983ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಅದರಲ್ಲಿ ಕ್ರಷರಿನ ದೂಳಿಗೆ ಹೇಳಿದ ಪರಿಹಾರಗಳಲ್ಲಿ ಒಂದು ತೀರ ಸರಳವಾದದ್ದು: ಯಂತ್ರದ ಮೇಲೆ ಒಂದು ಡ್ರಮ್ ನೀರಿಟ್ಟು, ಸತತವಾಗಿ ಸಿಂಪಡಿಸುವ ಏರ್ಪಾಡು ಮಾಡಿ. ಅಥವಾ ದೂಳು ಹೀರುವ ಯಂತ್ರ ಹಾಕಿಸಿ. ಒಂದು ಡ್ರಮ್ ನೀರು! ನಲವತ್ತು ವರ್ಷ ಕಳೆದ ಮೇಲೂ ಒಣ ದೂಳೆಬ್ಬಿಸುವ ಕ್ರಷರನ್ನು ರಸ್ತೆಯಲ್ಲಿ ಹೋಗುವ ಯಾರಾದರೂ ಕಾಣಬಹುದು.

ಬೆಂಚು ಬಿಡಲು ಜಾಗ ಬೇಕು, ಅಷ್ಟು ಕಲ್ಲು ಕಡಿಮೆ ಸಿಗುತ್ತದೆ. ನೀರಿಗೆ ದುಡ್ಡು ಬೇಕು. ತರಬೇತಿಗೆ ದಿನ ಬೇಕು. ಇವನ್ನು ಬಿಟ್ಟರೆ ಹಣ ಉಳಿಯುತ್ತದೆ. ಉಳಿದ ಹಣ ಒಬ್ಬನ ಜೇಬಿಗೆ ಹೋಗುತ್ತದೆ, ಅದರಿಂದ ಹುಟ್ಟಿದ ಅಪಾಯ ಇನ್ನೊಬ್ಬನ ಮೈಗೆ ಹೋಗುತ್ತದೆ. ಕಡಲಿಗೂ ಕ್ವಾರಿಗೂ ಇರುವ ವ್ಯತ್ಯಾಸ ಇದು. ಕೂಲಿಯವನು ಕಲ್ಲಿನ ಅಪಾಯವನ್ನು ಒಪ್ಪಿರಬಹುದು. ಇನ್ನೊಬ್ಬರ ಉಳಿತಾಯದ ಅಪಾಯವನ್ನು ಒಪ್ಪು ಎಂದು ಅವನನ್ನು ಯಾರೂ ಕೇಳಿರಲಿಲ್ಲ.

ಧರ್ಮೋಪದೇಶಕಾಂಡದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಒಂದು ಸಣ್ಣ ಕಟ್ಟಳೆಯಿದೆ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಕೈಪಿಡಿ ಗೋಡೆ ಕಟ್ಟಿಸಬೇಕು. ಕಟ್ಟಿಸದೆ ಯಾರಾದರೂ ಬಿದ್ದು ಸತ್ತರೆ ಆ ರಕ್ತದ ದೋಷ ಮನೆಯ ಮೇಲೆ ಬರುತ್ತದೆ. ಮಾಳಿಗೆಗೆ ಅಂಚು ಇರುತ್ತದೆಂದು ಹತ್ತಿದವನಿಗೆ ಗೊತ್ತಿರಲಿಲ್ಲವೇ ಎಂಬ ಪ್ರಶ್ನೆಯನ್ನು ಆ ಕಟ್ಟಳೆ ಎತ್ತುವುದೇ ಇಲ್ಲ. ಗೋಡೆ ಕಟ್ಟಲು ಸಾಧ್ಯವಿದ್ದವನು ಯಾರು ಎಂಬುದಷ್ಟೇ ಅದಕ್ಕೆ ಮುಖ್ಯ. ವಿಮೋಚನಾಕಾಂಡದಲ್ಲಿ ಇನ್ನೂ ಒಂದು ಮಾತು: ಗುಂಡಿ ತೋಡಿ ಮುಚ್ಚದೆ ಬಿಟ್ಟವನು, ಅದರಲ್ಲಿ ಎತ್ತೋ ಕತ್ತೆಯೋ ಬಿದ್ದು ಸತ್ತರೆ ನಷ್ಟ ತುಂಬಿಕೊಡಬೇಕು. ಕಲ್ಲು ತೆಗೆದು ಮುಗಿದ ಮೇಲೆ ಬೇಲಿಯೂ ಇಲ್ಲದೆ ಬಿಟ್ಟುಹೋದ ಕ್ವಾರಿ ಗುಂಡಿಯಲ್ಲಿ ಮಳೆನೀರು ನಿಂತು, ಈಜಲು ಹೋದ ಮಕ್ಕಳು ಮುಳುಗಿದ ಸುದ್ದಿ ಓದುವಾಗ ಈ ಕಟ್ಟಳೆ ನೆನಪಿಗೆ ಬರಬೇಕು.

ಉಪದೇಶಕನ ಮಾತಿಗೂ ಮುಂದಿನ ವಾಕ್ಯವೊಂದಿದೆ. ಕಲ್ಲು ಕಡಿಯುವವನ ಅಪಾಯವನ್ನು ಹೇಳಿದ ಮೇಲೆ, ಮೊಂಡಾದ ಕಬ್ಬಿಣವನ್ನು ಮಸೆಯದಿದ್ದರೆ ಹೆಚ್ಚು ಬಲ ಬೇಕಾಗುತ್ತದೆ, ವಿವೇಕದಿಂದ ಕಾರ್ಯ ಸಲೀಸು ಎನ್ನುತ್ತಾನೆ. ಅಪಾಯವಿದೆ ಎಂದ ಮೇಲೆ ಕೈಕಟ್ಟಿ ಕೂರಲು ಅವನು ಹೇಳಲಿಲ್ಲ.

ಅವನದೇ ತಪ್ಪಾಗಿದ್ದರೆ?

‘ಹೆಲ್ಮೆಟ್ ಕೊಟ್ಟರೆ ಹಾಕುವುದಿಲ್ಲ, ಮಾಸ್ಕ್ ಕೊಟ್ಟರೆ ಕಿತ್ತೆಸೆಯುತ್ತಾರೆ, ಕುಡಿದು ಬರುತ್ತಾರೆ’ ಎನ್ನುತ್ತಾರೆ ಕ್ವಾರಿ ನಡೆಸುವವರು. ಇದು ಪೂರ್ತಿ ಸುಳ್ಳಲ್ಲ. ಕೆಲಸಗಾರನಿಗೂ ತನ್ನ ಪ್ರಾಣದ ಮೇಲೆ, ಅದಕ್ಕಿಂತ ಹೆಚ್ಚಾಗಿ ಪಕ್ಕದಲ್ಲಿ ದುಡಿಯುವವನ ಪ್ರಾಣದ ಮೇಲೆ ಹೊಣೆಯಿದೆ. ಕುಡಿದು ಮದ್ದು ಮುಟ್ಟುವವನು ಪಾಪ ಮಾಡುತ್ತಾನೆ. ಬಡವನೆಂಬ ಕಾರಣಕ್ಕೆ ಅದನ್ನು ಮುಚ್ಚಿಡಬೇಕಾಗಿಲ್ಲ.

ಆದರೂ ಎರಡು ಮಾತು ಹೇಳಬೇಕು. ಏಪ್ರಿಲ್ ಬಿಸಿಲಲ್ಲಿ ಬಂಡೆಯ ಮೇಲೆ ಮಾಸ್ಕ್ ಹಾಕಿ ಜಾಕ್‌ಹ್ಯಾಮರ್ ಹಿಡಿಯುವುದು ಎಂಥ ಉಸಿರುಗಟ್ಟುವ ಕೆಲಸವೆಂದು ಯೋಚಿಸಿ. ಅದಕ್ಕೇ ದೂಳನ್ನು ಹುಟ್ಟುವಲ್ಲೇ ನೀರಿನಿಂದ ತಡೆಯುವುದು ಮೊದಲ ಕ್ರಮ, ಮಾಸ್ಕ್ ಕೊನೆಯದು. ಕೊನೆಯದನ್ನು ಮಾತ್ರ ಕೈಗೆ ಕೊಟ್ಟು ‘ಕೊಟ್ಟಿದ್ದೆವಲ್ಲ’ ಎಂದರೆ ಕೈ ತೊಳೆದುಕೊಂಡಂತಾಯಿತೇ ಹೊರತು ಕರ್ತವ್ಯ ಮುಗಿಯಲಿಲ್ಲ. ಎರಡನೆಯದು, ಮನುಷ್ಯ ತಪ್ಪು ಮಾಡುತ್ತಾನೆ ಎಂಬುದು ಎಲ್ಲರಿಗೂ ಮೊದಲೇ ಗೊತ್ತು. ದಣಿಯುತ್ತಾನೆ, ಮರೆಯುತ್ತಾನೆ, ಅವಸರ ಮಾಡುತ್ತಾನೆ. ಒಂದು ಮರೆವಿಗೆ ಒಂದು ಪ್ರಾಣ ಹೋಗದ ಹಾಗೆ ಕೆಲಸವನ್ನು ಏರ್ಪಡಿಸುವುದೇ ನಡೆಸುವವನ ಹೊಣೆ.

ಬ್ರಿಟಿಷರ ಕಾಲದ 1923ರ ಕಾರ್ಮಿಕ ಪರಿಹಾರ ಕಾಯಿದೆಯೂ ಈ ಮಾತನ್ನು ಒಂದು ಮಟ್ಟಿಗೆ ಒಪ್ಪಿತ್ತು. ಕುಡಿತದಿಂದಲೋ ಬೇಕೆಂದೇ ಸುರಕ್ಷತೆಯ ನಿಯಮ ಮೀರಿದ್ದರಿಂದಲೋ ಆದ ಗಾಯಕ್ಕೆ ಮಾಲೀಕ ಪರಿಹಾರ ಕೊಡಬೇಕಾಗಿಲ್ಲ ಎಂದ ಕಾಯಿದೆ, ಸಾವಾದರೆ ಅಥವಾ ಜೀವಮಾನವಿಡೀ ಪೂರ್ಣ ಅಂಗವಿಕಲನಾದರೆ ಆ ವಿನಾಯಿತಿ ಇಲ್ಲ ಎಂದಿತು. ತಪ್ಪು ಅವನದೇ ಆಗಿದ್ದರೂ ಅವನ ಹೆಂಡತಿ ಮಕ್ಕಳು ಬೀದಿಪಾಲಾಗಬಾರದು.

ಬೆರಳಿಗೆ ಬೆಲೆ

ಅದೇ ಕಾಯಿದೆಯಲ್ಲಿ ಒಂದು ಪಟ್ಟಿಯಿತ್ತು. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ 30 ಭಾಗ ನಷ್ಟ. ತೋರುಬೆರಳು ಪೂರ್ತಿ ಹೋದರೆ 14. ಒಂದು ಕಣ್ಣು ಹೋಗಿ ಇನ್ನೊಂದು ಚೆನ್ನಾಗಿದ್ದರೆ 40. ಓದುವಾಗ ಮೈ ಜುಮ್ಮೆನ್ನುತ್ತದೆ. ಆದರೂ ಈ ಪಟ್ಟಿ ಬೇಕು. ಪಟ್ಟಿಯಿಲ್ಲದಿದ್ದರೆ ಮಾಲೀಕನ ಕರುಣೆಗೆ ಕಾಯಬೇಕು, ಹಕ್ಕು ಭಿಕ್ಷೆಯಾಗುತ್ತದೆ.

ಇಲ್ಲಿ ನಮ್ಮ ಜನ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಹೇಳಿಬಿಡುತ್ತೇನೆ. ಸಾವಾದಾಗ ಮನೆಯವರ ಕೈಗೆ ನೇರವಾಗಿ ಕೊಟ್ಟ ಹಣವನ್ನು 1923ರ ಕಾಯಿದೆ ಪರಿಹಾರವೆಂದು ಎಣಿಸಲಿಲ್ಲ. ಪರಿಹಾರವನ್ನು ಅಧಿಕಾರಿಯ ಬಳಿ ಠೇವಣಿ ಇಡಬೇಕು ಎಂದಿತು. ‘ನನಗೆ ಪರಿಹಾರ ಬೇಡ’ ಎಂದು ಬರೆಸಿಕೊಂಡ ಹೆಬ್ಬೆಟ್ಟಿನ ಕಾಗದಕ್ಕೆ ಬೆಲೆಯಿಲ್ಲ ಎಂದಿತು. ಕೆಲಸಗಾರನನ್ನು ತಂದವನು ಗುತ್ತಿಗೆದಾರನಾದರೂ ಮೂಲ ಮಾಲೀಕ ಜಾರಿಕೊಳ್ಳುವಂತಿಲ್ಲ ಎಂದಿತು. ಸಿಲಿಕೋಸಿಸನ್ನೂ ಕೆಲಸದಿಂದ ಬರುವ ರೋಗಗಳ ಪಟ್ಟಿಗೆ ಸೇರಿಸಲಾಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದರ ತಿರುಳು ಉಳಿದಿದೆ. ಹೆಣ ಊರಿಗೆ ಸಾಗಿಸುವ ಅವಸರದಲ್ಲಿ, ಸಹಿ ಹಾಕಿಸಿಕೊಂಡು ಒಂದು ಕಟ್ಟು ನೋಟು ಕೈಗಿಡುವವರಿದ್ದಾರೆ. ಅದನ್ನು ಉಪಕಾರವೆಂದು ಭಾವಿಸಿ ಕಣ್ಣೀರಿಡುವ ತಾಯಿಯಂದಿರಿಗೆ ಈ ಮಾತುಗಳನ್ನು ಯಾರಾದರೂ ಹೇಳಬೇಕು.

ಆದರೆ ಪರಿಹಾರ ಕೊಟ್ಟ ಮಾತ್ರಕ್ಕೆ ಎಲ್ಲ ಸರಿಹೋಯಿತೇ? ತಿಳಿಯದೆ ಆದ ನಷ್ಟಕ್ಕೆ ಪರಿಹಾರ ಕೊಡುವುದು ನ್ಯಾಯ. ಬೆಂಚು ಬಿಡುವ ಖರ್ಚು ಇಷ್ಟು, ಒಬ್ಬ ಸತ್ತರೆ ಕೊಡುವುದು ಇಷ್ಟು, ಎರಡನೆಯದೇ ಅಗ್ಗ ಎಂದು ಮೊದಲೇ ಲೆಕ್ಕ ಹಾಕಿದವನು ಕೊಡುವುದು ಪರಿಹಾರವಲ್ಲ. ಅದು ಪ್ರಾಣದ ಕ್ರಯ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದವನನ್ನು ನಾವು ದಡ್ಡನೆನ್ನುತ್ತೇವೆ. ಕೊಳ್ಳೆಗೆ ಮೊದಲೇ ಬೆಲೆ ಕಟ್ಟಿ ಬಾಗಿಲು ತೆರೆದಿಟ್ಟವನನ್ನು ಏನೆನ್ನಬೇಕು?

ನಮ್ಮ ಪಾಲು

ಎರಡನೇ ಜಾನ್ ಪೌಲರೆಂದು ನಾವು ಗೌರವಿಸುವ ಸಂತ ಜಗದ್ಗುರುಗಳು ಯೌವನದಲ್ಲಿ ಕ್ವಾರಿ ಕೂಲಿಯಾಗಿದ್ದರೆಂಬುದು ಎಷ್ಟು ಜನರಿಗೆ ನೆನಪಿದೆ? 1940ರಲ್ಲಿ, ನಾಜಿಗಳ ಆಳ್ವಿಕೆಯ ಪೋಲೆಂಡಿನಲ್ಲಿ, ಕ್ರಾಕೋ ನಗರದ ಹೊರಗಿನ ಸುಣ್ಣಕಲ್ಲಿನ ಕ್ವಾರಿಯಲ್ಲಿ ಅವರು ದುಡಿದರು. ಮದ್ದು ಸಿಡಿದಾಗ ಹಾರಿದ ಕಲ್ಲು ಬಡಿದು ಜೊತೆಯ ಕೆಲಸಗಾರನೊಬ್ಬ ಸತ್ತದ್ದನ್ನು ಕಣ್ಣಾರೆ ಕಂಡರು. ಗುರುಗಳಾದ ಮೇಲೆ ಅವನ ನೆನಪಿಗೆ ಕವಿತೆ ಬರೆದರು. 1981ರಲ್ಲಿ ದುಡಿಮೆಯ ಬಗ್ಗೆ ಬರೆದ ತಮ್ಮ ವಿಶ್ವಪತ್ರದಲ್ಲಿ, ದೇಹದ ಆರೋಗ್ಯಕ್ಕೆ ಕುತ್ತು ತಾರದ ಕೆಲಸದ ಜಾಗವನ್ನು ಕೆಲಸಗಾರನ ಹಕ್ಕುಗಳಲ್ಲಿ ಒಂದೆಂದು ಎಣಿಸಿದರು. ಹಕ್ಕು ಎಂದರು, ದಯೆ ಎನ್ನಲಿಲ್ಲ.

ಜಲ್ಲಿ ಕೊಳ್ಳುವ ನಾವೂ ಹೊಣೆಗಾರರೇ? ಒಂದು ಮಟ್ಟಿಗೆ ಹೌದು. ಆದರೆ ‘ಎಲ್ಲರೂ ಹೊಣೆ’ ಎಂದುಬಿಟ್ಟರೆ ಕೊನೆಗೆ ಯಾರೂ ಹೊಣೆಯಲ್ಲದಂತಾಗುತ್ತದೆ. ಇಂದೇ ಕೆಲಸ ನಿಲ್ಲಿಸಬಲ್ಲವನ ಹೊಣೆ ಎಲ್ಲರಿಗಿಂತ ಹೆಚ್ಚು. ಆಮೇಲೆ ಗುತ್ತಿಗೆಯನ್ನು ಕಾಗದದಲ್ಲಿ ಹಿಡಿದು ಕೆಲಸವನ್ನು ಇನ್ನೊಬ್ಬನಿಗೆ ಒಪ್ಪಿಸಿ ದೂರ ಕುಳಿತವನು. ಆಮೇಲೆ ನೋಡಬೇಕಾದ್ದನ್ನು ನೋಡದ ಅಧಿಕಾರಿ. ಕೊಳ್ಳುವವನ ಪಾಲು ಚಿಕ್ಕದು, ಆದರೆ ಸೊನ್ನೆಯಲ್ಲ. ಮನೆಯನ್ನೋ ದೇವಾಲಯದ ಸಭಾಂಗಣವನ್ನೋ ಕಟ್ಟಿಸುವಾಗ ಜಲ್ಲಿಯ ದರ ಕೇಳುವ ನಾವು, ಅದು ಯಾವ ಕ್ವಾರಿಯದು, ಅಲ್ಲಿ ನೀರು ಬಿಟ್ಟು ಕೊರೆಯುತ್ತಾರೋ, ಬೆಂಚು ಬಿಟ್ಟಿದ್ದಾರೋ ಎಂದೂ ಕೇಳಬಹುದು. ಹತ್ತು ಜನ ಕೇಳಿದರೆ ಹನ್ನೊಂದನೆಯವನಿಗೆ ಉತ್ತರ ಸಿದ್ಧವಿರುತ್ತದೆ.

ನಮ್ಮಂಥ ಹಲವು ನುಡಿಗಳ ಧರ್ಮಪ್ರಾಂತ್ಯಕ್ಕೆ ಇನ್ನೊಂದು ಕೆಲಸವೂ ಇದೆ. ನಮ್ಮ ನುಡಿಯಲ್ಲಿ ಪೂಜೆ, ನಮ್ಮ ನುಡಿಯಲ್ಲಿ ಪಾಪನಿವೇದನೆ ಬೇಕೆಂದು ನಾವು ಕೇಳಿಕೊಂಡು ಬಂದವರು; ತಿಳಿಯದ ನುಡಿಯಲ್ಲಿ ಮಾತನಾಡಿಸಿದರೆ ಹೇಗಿರುತ್ತದೆಂದು ಬಲ್ಲೆವು. ಕ್ವಾರಿಯ ಫಲಕ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ, ಕೆಳಗೆ ದುಡಿಯುವವನು ಒಡಿಯಾವನ್ನೋ ಹಿಂದಿಯನ್ನೋ ಆಡುತ್ತಾನೆ. ‘ಮದ್ದು ಹಚ್ಚಿದೆ, ಓಡು’ ಎಂಬ ಕೂಗು ಅರ್ಥವಾಗಬೇಕಾದ್ದು ಮೊದಲು ಅವನಿಗೆ. ಅವನ ನುಡಿ ಬಲ್ಲ ಧರ್ಮಭಗಿನಿಯರೋ ಯುವಕರೋ ನಮ್ಮ ನಡುವೆ ಇದ್ದರೆ ಕ್ವಾರಿಯ ಶೆಡ್ಡುಗಳಿಗೆ ಹೋಗಿ ಮಾತನಾಡಲಿ. ಕೆಮ್ಮು ಬಿಡದವನನ್ನು ಎದೆಯ ಎಕ್ಸ್‌ರೇ ತೆಗೆಸಲು ಕರೆದುಕೊಂಡು ಹೋಗಲಿ, ‘ಇವನು ಕಲ್ಲಿನ ಕೆಲಸದವನು’ ಎಂದು ವೈದ್ಯರ ಚೀಟಿಯಲ್ಲಿ ಬರೆಸಲಿ.

ಕ್ವಾರಿ ನಡೆಸುವ ನಮ್ಮ ಸಹೋದರರಿಗೆ ಕೊನೆಯದಾಗಿ ಒಂದು ಪ್ರಶ್ನೆ. ನಿಮ್ಮ ಕ್ವಾರಿಯಲ್ಲಿ ಎಲ್ಲರಿಗಿಂತ ಕಡಿಮೆ ಕೂಲಿಯ, ನಿನ್ನೆ ಮೊನ್ನೆ ಬಂದ ಹುಡುಗನೊಬ್ಬ ಮೇಲಿನ ಬಿರುಕನ್ನು ತೋರಿಸಿ ‘ನಿಲ್ಲಿಸಿ’ ಎಂದರೆ ಕೆಲಸ ನಿಲ್ಲುತ್ತದೆಯೇ? ಅಂದಿನ ಕೂಲಿ ಅವನಿಗೆ ಸಿಗುತ್ತದೆಯೇ? ನಾಳೆಯೂ ಅವನಿಗೆ ಅಲ್ಲಿ ಕೆಲಸವಿರುತ್ತದೆಯೇ? ಮೂರಕ್ಕೂ ಹೌದು ಎನ್ನುವವರು, ಅವನು ಅಪಾಯ ಗೊತ್ತಿದ್ದೇ ಬಂದ ಎಂದು ಹೇಳಲು ಸ್ವಲ್ಪವಾದರೂ ಅರ್ಹರು. ಉಳಿದವರು ಆ ಮಾತನ್ನು ಆಡದಿರುವುದೇ ಲೇಸು.